ಕಡಲಿನ ಪೂಜೆಯೂ ಹುಣ್ಣಿಮೆಯ ಚಂದ್ರನೂ

ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಸೀಮೆಯಲ್ಲಿ ಒಳ್ಳೆಯ ಮಳೆಯಾಗಿ ಕೆರೆ ಕೋಡಿ ಬಿದ್ದರೆ ಊರವರು ಗಂಗಾಪೂಜೆ ಮಾಡಿ ಬಾಗಿನ ಅರ್ಪಿಸುತ್ತಾರೆ. ನಮಗೆ ನೀರು ಬಂದುದೇ ಹಬ್ಬ. ಕರಾವಳಿಯ ಮೊಗವೀರರಿಗಾದರೋ ನೀರು ಶಾಂತವಾಗುವುದು ಹಬ್ಬ. ಶ್ರಾವಣದ ಪೂರ್ಣಿಮೆಯ, ಎಂದರೆ ನೂಲಹುಣ್ಣಿಮೆಯ ಹೊತ್ತಿಗೆ, ಮಂಗಳೂರು, ಮಲ್ಪೆ ಮೊದಲಾದೆಡೆ ಅವರು ಮೆರವಣಿಗೆಯಲ್ಲಿ ಕಡಲ ತೀರಕ್ಕೆ ಹೋಗಿ, ಅಲೆಗಳಿಗೆ ಹಾಲೆರೆದು, ತೆಂಗಿನಕಾಯಿ, ಹೂ, ಹಣ್ಣುಗಳನ್ನು ಅರ್ಪಿಸಿ, ದೋಣಿಗಳಿಗೆ ಅಪಾಯ ಬಾರದಿರಲಿ, ಮೀನು ಸಮೃದ್ಧವಾಗಿ ಸಿಗಲಿ ಎಂದು ಬೇಡಿಕೊಳ್ಳುತ್ತಾರೆ. ಮಹಾರಾಷ್ಟ್ರದ ಕೋಳಿ ಜನರ ನಾರಳೀ ಪೂರ್ಣಿಮೆಯೂ ಇದೇ ದಿನ.

ಒಮ್ಮೆ ತರಗತಿಯಲ್ಲಿ ಈ ಮಾತು ಬಂದಾಗ ವಿದ್ಯಾರ್ಥಿಯೊಬ್ಬನು ಕೇಳಿದನು: "ಹುಣ್ಣಿಮೆಯಂದು ಸಮುದ್ರ ಉಕ್ಕುತ್ತದೆಂದು ಪುಸ್ತಕ ಹೇಳುತ್ತದೆ. ಉಕ್ಕುವ ದಿನವೇ ಅದು ಶಾಂತವಾಯಿತೆಂದು ಪೂಜಿಸುವುದು ಹೇಗೆ, ಸಾರ್?" ಪ್ರಶ್ನೆ ಯುಕ್ತವಾದುದೇ. ಉತ್ತರ ಬೇಕಾದರೆ ಕಡಲಿನ ಎರಡು ಚಲನೆಗಳನ್ನು ಬೇರೆ ಬೇರೆಯಾಗಿ ನೋಡಬೇಕು.

ಮೊದಲನೆಯದು ಉಬ್ಬರವಿಳಿತ. ಭೂಮಿಯ ಒಂದು ಮಗ್ಗುಲು ಚಂದ್ರನಿಗೆ ಹತ್ತಿರ, ಇನ್ನೊಂದು ದೂರ. ಆದುದರಿಂದ ಚಂದ್ರನ ಆಕರ್ಷಣೆ ಎರಡು ಕಡೆಯೂ ಸಮನಾಗಿರದು. ಈ ವ್ಯತ್ಯಾಸವೇ ಸಾಗರದ ನೀರನ್ನು ಎರಡೂ ಮಗ್ಗುಲಲ್ಲಿ ಉಬ್ಬಿಸುತ್ತದೆ. ಸೂರ್ಯನೂ ಹೀಗೆಯೇ ಮಾಡುತ್ತಾನೆ. ಅವನ ಪ್ರಭಾವ ಚಂದ್ರನದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಈ ಮೂರೂ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರುವುದರಿಂದ ಉಬ್ಬರ ಹೆಚ್ಚುತ್ತದೆ. ದೊಡ್ಡಬಳ್ಳಾಪುರದ ನಾಗರಕೆರೆಯ ಮೇಲೂ ಅದೇ ಚಂದ್ರನಿದ್ದಾನೆ. ಆದರೆ ಕೆರೆಯ ಒಂದು ದಡಕ್ಕೂ ಇನ್ನೊಂದಕ್ಕೂ ಆಕರ್ಷಣೆಯಲ್ಲಿ ಗಣನೀಯ ವ್ಯತ್ಯಾಸವಿಲ್ಲವಾಗಿ ಅಲ್ಲಿ ಉಬ್ಬರ ಕಾಣದು.

ಆದರೆ ದೋಣಿಯನ್ನು ಮಗುಚುವುದು ಈ ಉಬ್ಬರವಲ್ಲ. ಒಂದು ಉಬ್ಬರಕ್ಕೂ ಮುಂದಿನದಕ್ಕೂ ಸುಮಾರು 12 ಗಂಟೆ 25 ನಿಮಿಷಗಳ ಅಂತರ. ಮಂಗಳೂರಿನಲ್ಲಿ ನೀರು ಏರುವುದು ಎರಡು ಮೀಟರಿಗಿಂತ ಕಡಿಮೆ. ಅದೂ ಆರು ಗಂಟೆಗಳ ಅವಧಿಯಲ್ಲಿ. ನಡುಗಡಲಿನಲ್ಲಿ ದೋಣಿಯಲ್ಲಿ ಕುಳಿತವನಿಗೆ ಅದು ತಿಳಿಯುವುದೇ ಇಲ್ಲ. ಅಳಿವೆಯ ಬಾಯಲ್ಲಿ ಮಾತ್ರ ಇಳಿತದ ಸೆಳವಿಗೆ ಎಚ್ಚರದಿಂದಿರಬೇಕು.

ಎರಡನೆಯದು ಗಾಳಿ ಎಬ್ಬಿಸುವ ಅಲೆ. ಜೂನ್, ಜುಲೈಗಳಲ್ಲಿ ನೈಋತ್ಯ ಮಾರುತವು ಅರಬ್ಬೀ ಸಮುದ್ರದ ಮೇಲೆ ಸಾವಿರಾರು ಕಿಲೋಮೀಟರು ಬೀಸಿ ಬರುತ್ತದೆ. ಅಲೆಯೊಂದರ ಆವರ್ತಕಾಲ 10 ಸೆಕೆಂಡಾದರೆ, ಆಳವಾದ ನೀರಿನಲ್ಲಿ ಅದರ ಉದ್ದ 156 ಮೀಟರು, ವೇಗ ಗಂಟೆಗೆ 56 ಕಿಲೋಮೀಟರು. ದೋಣಿಯನ್ನು ಅದು ಐದೇ ಸೆಕೆಂಡಿನಲ್ಲಿ ತಗ್ಗಿನಿಂದ ನೆತ್ತಿಗೆ ಎತ್ತಿಬಿಡುತ್ತದೆ. ಅಲೆಯ ಶಕ್ತಿಯು ಎತ್ತರದ ವರ್ಗದ ಅನುಪಾತದಲ್ಲಿರುವುದರಿಂದ, 3 ಮೀಟರಿನ ಅಲೆಗೆ 1 ಮೀಟರಿನ ಅಲೆಯ ಒಂಬತ್ತರಷ್ಟು ಶಕ್ತಿಯುಂಟು. ಆಗಸ್ಟ್ ಕಳೆಯುತ್ತ ಬಂದಂತೆ ಗಾಳಿ ತಗ್ಗುತ್ತದೆ. ಅದರೊಡನೆ ಅಲೆಯೂ ತಗ್ಗುತ್ತದೆ.

ಹಾಗಾದರೆ ಹುಣ್ಣಿಮೆಗೆ ಇಲ್ಲೇನು ಕೆಲಸ? ಅದು ಕಾರಣವಲ್ಲ, ಗುರುತು. ಅಚ್ಚಿನ ಕ್ಯಾಲೆಂಡರಿಲ್ಲದ ಕಾಲದಲ್ಲಿ ಎಲ್ಲರಿಗೂ ಕಾಣುವ ಗಡಿಯಾರ ಚಂದ್ರನೇ. ಆದರೆ ಹನ್ನೆರಡು ಚಾಂದ್ರಮಾಸಗಳು ಸೇರಿ ಸುಮಾರು 354 ದಿನ ಮಾತ್ರ. ಸೌರವರ್ಷಕ್ಕಿಂತ 11 ದಿನ ಕಡಿಮೆ. ಆದುದರಿಂದ 2023ರಲ್ಲಿ ಆಗಸ್ಟ್ 30ರಂದು ಬಂದ ನೂಲಹುಣ್ಣಿಮೆ 2024ರಲ್ಲಿ 19ಕ್ಕೆ, 2025ರಲ್ಲಿ 9ಕ್ಕೆ ಬಂದಿತು. ಅಧಿಕಮಾಸವು ಅದನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಗಾಳಿಯಾದರೋ ತಿಥಿಯನ್ನು ನೋಡಿ ಬೀಸುವುದಿಲ್ಲ. ಅದನ್ನು ನಡೆಸುವುದು ಸೂರ್ಯನ ಶಾಖ. ಹುಣ್ಣಿಮೆ ಬೇಗ ಬಂದ ವರ್ಷ ಪೂಜೆ ಮುಗಿದ ಮೇಲೂ ಕಡಲು ಒರಟಾಗಿಯೇ ಇರಬಹುದು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಪ್ರಕಟಿಸುವ ಅಲೆಗಳ ಮುನ್ಸೂಚನೆಯನ್ನು ನೋಡಿಕೊಂಡೇ ದೋಣಿ ಇಳಿಸುವುದು ಪ್ರಾಣರಕ್ಷಣೆಯ ಮಾತು.

ಮಳೆಗಾಲದ ವಿರಾಮದಿಂದ ಇನ್ನೊಂದು ಲಾಭವೂ ಉಂಟು. ಬಂಗುಡೆ, ಬೂತಾಯಿ ಮೊದಲಾದ ಮೀನುಗಳು ಮೊಟ್ಟೆಯಿಡುವ ಕಾಲ ಬಹುಮಟ್ಟಿಗೆ ಅದೇ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಿಷೇಧವಿರುವುದು ಮೀನಿನ ಸಂತತಿ ಉಳಿಯಲೆಂದೇ.

ವಾಚಕರು ಮುಂದೆಂದಾದರೂ ಮಲ್ಪೆಗೆ ಹೋದರೆ ಗಡಿಯಾರ ಹಿಡಿದು, ದಡಕ್ಕೆ ಬರುವ ಹತ್ತು ಅಲೆಗಳಿಗೆ ಹಿಡಿಯುವ ಕಾಲವನ್ನು ಅಳೆದು ಹತ್ತರಿಂದ ಭಾಗಿಸಲಿ. ಬಂದ ಆವರ್ತಕಾಲವನ್ನು ವರ್ಗಮಾಡಿ 1.56ರಿಂದ ಗುಣಿಸಿದರೆ, ಆ ಅಲೆ ದೂರದ ಆಳ ನೀರಿನಲ್ಲಿದ್ದಾಗ ಎಷ್ಟು ಮೀಟರು ಉದ್ದವಿತ್ತೆಂಬುದು ತಿಳಿಯುತ್ತದೆ.