ನೀಲಿ ಹೂವಿನ ಬಸಿಯಲ್ಲಿ ಎಲುಬು ಇದೆಯೇ?

ಜತ್ತ ಭಾಗದ ನಮ್ಮ ಹಳೆಯ ಮನೆಗಳ ಕಪಾಟಿನಲ್ಲಿ ನೀಲಿ ಹೂಬಳ್ಳಿಯ ವಿಲಾಯತಿ ಬಸಿಗಳು ಅಲ್ಲಲ್ಲಿ ಉಳಿದಿವೆ. 1948ರಲ್ಲಿ ಜತ್ತ ಸಂಸ್ಥಾನ ವಿಲೀನವಾಗುವುದಕ್ಕೂ ಮುಂಚಿನ ಸಾಮಾನು ಎಂದು ಹಿರಿಯರು ಅಭಿಮಾನದಿಂದ ತೋರಿಸುತ್ತಾರೆ. ಕಲಿತ ಮೊಮ್ಮಕ್ಕಳು ಮಾತ್ರ, "ಇದು ಎಲುಬಿನ ಬೂದಿಯದು, ಹೊರಗೆ ಹಾಕಿರಿ" ಎನ್ನುತ್ತಾರೆ. ಹುಡುಗರ ಮಾತು ಅರ್ಧ ನಿಜ.

ಬೋನ್ ಚೈನಾ ಎಂಬ ಹೆಸರಿನಲ್ಲೇ ಎಲುಬಿದೆ. 1790ರ ದಶಕದಲ್ಲಿ ಇಂಗ್ಲೆಂಡಿನ ಸ್ಟೋಕ್ ಊರಿನ ಜೋಸಾಯ ಸ್ಪೋಡ್ ಅದರ ಪ್ರಮಾಣವನ್ನು ಹದಕ್ಕೆ ತಂದರು. ಸುಮಾರು ಅರ್ಧ ಪಾಲು ದನದ ಎಲುಬಿನ ಬೂದಿ, ಉಳಿದದ್ದು ಚೀನಿ ಮಣ್ಣು ಮತ್ತು ಕಾರ್ನ್‌ವಾಲ್ ಕಲ್ಲಿನ ಪುಡಿ. ಆ ಹಾಲುಬಿಳುಪು, ತೆಳುವಾಗಿದ್ದೂ ಗಟ್ಟಿಯಾಗಿರುವ ಗುಣ ಎಲುಬಿನಿಂದ ಬಂದವು. ಸುಟ್ಟು ಬೂದಿಯಾದ ಮೇಲೆ ದೋಷವೇನು ಎಂದು ಕೇಳುವವರೂ ಇದ್ದಾರೆ. ಅರ್ಧ ಬಂಡವಾಳ ಎಲ್ಲಿಂದ ಬಂತೆಂದು ಕೇಳದೆ ಪಾಲುದಾರಿಕೆ ಮಾಡುವವರು ನಾವಲ್ಲ.

ಆದರೆ ಹಳೆಯ ನೀಲಿ ಹೂವಿನ ಬಸಿಗಳಲ್ಲಿ ಹೆಚ್ಚಿನವು ಬೋನ್ ಚೈನಾ ಅಲ್ಲ, ಬಿಳಿ ಮಣ್ಣಿನವು. ತಾಮ್ರದ ತಗಡಿನಲ್ಲಿ ಹೂವು ಕೊರೆದು, ಕೋಬಾಲ್ಟ್ ನೀಲಿ ತುಂಬಿ, ತೆಳು ಕಾಗದಕ್ಕೆ ಅಚ್ಚೊತ್ತುತ್ತಿದ್ದರು. ಆ ಕಾಗದವನ್ನು ಒಮ್ಮೆ ಸುಟ್ಟ ಬಸಿಗೆ ಅಂಟಿಸಿ, ತೊಳೆದು ತೆಗೆದು, ಮೇಲೆ ಗಾಜಿನ ಲೇಪ ಕೊಟ್ಟು ಮತ್ತೆ ಸುಡುವುದು. ಲೇಪದ ಕೆಳಗೆ ಆ ಬೆಂಕಿಯನ್ನು ಚೆನ್ನಾಗಿ ತಾಳಿದ ಬಣ್ಣ ನೀಲಿ. ಅದಕ್ಕೇ ನೀಲಿ ಅಷ್ಟು ಹೆಚ್ಚು. ಸ್ಪೋಡ್ ಕಾರ್ಖಾನೆಯ ಹೆಸರಾಂತ ಬ್ಲೂ ಇಟಾಲಿಯನ್ ಮಾದರಿ, ಸುತ್ತಲೂ ಹೂವಿನ ಅಂಚಿನದು, 1816ರಲ್ಲಿ ಮಣ್ಣಿನ ಪಾತ್ರೆಯಾಗಿಯೇ ಬಂತು.

ಬಸಿಯನ್ನು ದೀಪಕ್ಕೆ ಹಿಡಿದು ಹಿಂದೆ ಬೆರಳಾಡಿಸಿರಿ. ತೆಳು ಅಂಚಿನಲ್ಲೂ ನೆರಳು ಕಾಣದಿದ್ದರೆ ಬಹುಶಃ ಮಣ್ಣಿನದು. ಕಂಡರೆ ಸಂಶಯ ಇಟ್ಟುಕೊಳ್ಳಿರಿ, ತೀರ್ಮಾನ ಬೇಡ. ಚೀನದ ಪಿಂಗಾಣಿಯಲ್ಲೂ, ವೂಸ್ಟರ್ ಊರಿನಲ್ಲಿ ಬಳಪದ ಕಲ್ಲು ಬೆರೆಸಿ ಮಾಡಿದ ಹಳೆಯ ಪಿಂಗಾಣಿಯಲ್ಲೂ ಬೆಳಕು ಹಾಯುತ್ತದೆ. ತಳದಲ್ಲಿ 'ಬೋನ್ ಚೈನಾ' ಎಂಬ ಮುದ್ರೆಯಿದ್ದರೆ ಮಾತು ಮುಗಿಯಿತು. 'ಇಂಗ್ಲೆಂಡ್' ಎಂದಷ್ಟೇ ಇದ್ದರೆ ಅದು ಸಾಮಾನ್ಯವಾಗಿ 1891ರ ನಂತರದ್ದು. ಆ ವರ್ಷದಿಂದ ಅಮೇರಿಕೆಯ ಸುಂಕದ ಕಾನೂನು ಮಾಲಿನ ಮೇಲೆ ದೇಶದ ಹೆಸರು ಬೇಕೆಂದಿತು.

ನಿಜ ಹೇಳಬೇಕೆಂದರೆ, ಅಜ್ಜಿಯ ಬಸಿಗಿಂತ ಈಗಿನ ಲಗ್ನದ ಉಡುಗೊರೆಯ ಟೀ ಸೆಟ್ಟಿನದೇ ನಮಗೆ ಹೆಚ್ಚು ಚಿಂತೆ. ತಿನ್ನುವ ಪದಾರ್ಥದ ಪೊಟ್ಟಣಕ್ಕೆ ಹಸಿರು ಚುಕ್ಕೆಯುಂಟು, ಕಪ್ಪು-ಬಸಿಗೆ ಇಲ್ಲ. ಸಾಂಗಲಿ, ಮಿರಜ ಪೇಟೆಯಲ್ಲಿ ಕೊಳ್ಳುವಾಗ ತಳ ತಿರುವಿ ಓದಿರಿ.

ಎಲುಬಿಲ್ಲದ ಹಳೆಯ ಬಸಿಯನ್ನೂ ಊಟಕ್ಕೆ ಇಳಿಸುವುದು ಬೇಡ. ಆ ಕಾಲದ ಲೇಪದಲ್ಲಿ ಸೀಸ ಬೆರೆಸುತ್ತಿದ್ದರು. ಹುಣಸೆ, ನಿಂಬೆ, ಉಪ್ಪಿನಕಾಯಿ ತಗುಲಿದರೆ ಅದು ಬಿಡುತ್ತದೆ. ಕಪಾಟಿನಲ್ಲಿಯೇ ಇರಲಿ, ಚೌಕಾಕ್ಕೆ ಸ್ಟೀಲು ಸಾಕು.