ಸ್ನೇಹಿತರ ಸಾಕ್ಷ್ಯ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ತುಂಬಿ ನಡೆಯುತ್ತಿದ್ದ ಕಾಲದಲ್ಲಿ, ಅಲ್ಲಿನ ನೌಕರನೊಬ್ಬನಿಗೆ ಹೆಣ್ಣು ಕೊಡಬಯಸಿದ ಶಿವಮೊಗ್ಗದ ಹಿರಿಯರು, ಜಾತಕ ಕೂಡಿತೆಂಬಷ್ಟಕ್ಕೇ ತೃಪ್ತರಾಗದೆ, ಅವನೊಡನೆ ಒಂದೇ ಪಾಳಿಯಲ್ಲಿ ದುಡಿಯುವವರನ್ನೂ ನೆರೆಹೊರೆಯವರನ್ನೂ ಕಂಡು ‘ಹುಡುಗ ಹೇಗೆ?’ ಎಂದು ವಿಚಾರಿಸುವುದು ವಾಡಿಕೆಯಾಗಿತ್ತು. ತಾನು ಮುಂಗೋಪಿಯೆಂದು ವರನೇ ಬಾಯಿಬಿಟ್ಟು ಹೇಳಿಯಾನೆ? ಮನುಷ್ಯನ ಸ್ವಭಾವವನ್ನು ಅಳೆಯಹೊರಟ ಮನಶ್ಶಾಸ್ತ್ರಜ್ಞರೂ ಇದೇ ಹಾದಿಯನ್ನು ಹಿಡಿದಿದ್ದಾರೆ.

ಅವರ ವಿಧಾನ ಸರಳವಾದುದು. ವ್ಯಕ್ತಿಯ ಮುಂದಿಡುವ ಪ್ರಶ್ನಾವಳಿಯನ್ನೇ ಅವನ ಮಿತ್ರರಿಗೂ ಕೊಟ್ಟು, ಅವನು ಹಿಡಿದ ಕೆಲಸವನ್ನು ಮುಗಿಸುವವನೇ, ಬೇಗ ಕಳವಳಗೊಳ್ಳುವವನೇ ಎಂಬಿವಕ್ಕೆ ಅಂಕಗಳಲ್ಲಿ ಉತ್ತರ ಪಡೆದು, ಒಬ್ಬನ ಮಮತೆಯಾಗಲಿ ಮತ್ತೊಬ್ಬನ ಮುನಿಸಾಗಲಿ ತೀರ್ಪನ್ನು ವಾಲಿಸದಂತೆ, ಎಲ್ಲರ ಉತ್ತರಗಳ ಸರಾಸರಿಯನ್ನು ತೆಗೆಯುತ್ತಾರೆ.

ಇಂತಹ ಸಾಕ್ಷ್ಯದ ಬಲವನ್ನು ತೋರಿದ ಪ್ರಸಿದ್ಧ ಅಧ್ಯಯನವೂ ವಿವಾಹಕ್ಕೇ ಸಂಬಂಧಿಸಿದ್ದು. 1930ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಇ. ಲೋವೆಲ್ ಕೆಲ್ಲಿಯವರು ಮದುವೆ ನಿಶ್ಚಯವಾಗಿದ್ದ 300 ಜೋಡಿಗಳ ಗುಣಗಳ ಬಗೆಗೆ ಅವರ ಮಿತ್ರರ ಅಭಿಪ್ರಾಯಗಳನ್ನು ಸಂಗ್ರಹಿಸಿಟ್ಟಿದ್ದರು. ಏಳೂವರೆ ದಶಕಗಳ ತರುವಾಯ, ಆ ಜೋಡಿಗಳಲ್ಲಿ ಯಾರು ಎಷ್ಟು ಕಾಲ ಬಾಳಿದರೆಂಬುದನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಸಂಶೋಧನೆಯು, ಆಯುಷ್ಯವನ್ನು ಸೂಚಿಸುವುದರಲ್ಲಿ ಅವರವರ ಸ್ವವಿವರಣೆಗಿಂತ ಮಿತ್ರರ ಮಾತೇ ಮಿಗಿಲೆಂದು ಕಂಡುಕೊಂಡಿತು: ಮಿತ್ರರು ಕರ್ತವ್ಯನಿಷ್ಠರೆಂದು ಬಗೆದ ಪುರುಷರೂ, ಸ್ಥಿರಚಿತ್ತೆಯರೆಂದು ಬಗೆದ ಸ್ತ್ರೀಯರೂ ಹೆಚ್ಚು ಕಾಲ ಬದುಕಿದ್ದರು.

ಹಾಗೆಂದು ಮಿತ್ರನು ಸರ್ವಜ್ಞನಲ್ಲ. ಮನಶ್ಶಾಸ್ತ್ರಜ್ಞರಾದ ಸಿಮಿನ್ ವಜೀರ್ ಅವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆತಂಕದಂತಹ ಒಳಗಿನ ಭಾವಗಳನ್ನು ಹೆಚ್ಚಾಗಿ ಬಲ್ಲವನು ಆ ವ್ಯಕ್ತಿಯೇ. ಬುದ್ಧಿಶಕ್ತಿಯಂತೆ ಅಭಿಮಾನಕ್ಕೆ ತಗಲುವ ಗುಣಗಳನ್ನು ಮಿತ್ರರು ಮೇಲಾಗಿ ಬಲ್ಲರು. ಮಾತುಗಾರಿಕೆಯಾದರೋ ಅಪರಿಚಿತರಿಗೂ ಗೋಚರ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನ ವಿದ್ಯಾರ್ಥಿಯೊಬ್ಬನ ಪರೀಕ್ಷೆಯ ಹಿಂದಿನ ರಾತ್ರಿಯ ತಳಮಳವು ಪಕ್ಕದ ಬೆಂಚಿನವನಿಗೆ ತಿಳಿಯದು. ಆದರೆ ತನ್ನ ಜಾಣತನದ ವಿಷಯದಲ್ಲಿ ಅವನು ತಾನೇ ಕೊಡುವ ತೀರ್ಪಿಗಿಂತ ಆ ಗೆಳೆಯನ ತೀರ್ಪು ನೆಚ್ಚತಕ್ಕದ್ದು.

ಇನ್ನೊಂದು ತೊಡಕೂ ಉಂಟು. ಸಾಕ್ಷಿಗಳನ್ನು ಹೆಸರಿಸುವವನು ಸಾಮಾನ್ಯವಾಗಿ ಪರೀಕ್ಷೆಗೊಳಗಾದವನೇ ಆದುದರಿಂದ, ಅವನನ್ನು ಮೆಚ್ಚುವವರೇ ಬರುತ್ತಾರೆ. ಕಾರ್ಖಾನೆ, ಕೇರಿ, ಬಂಧುವರ್ಗ ಎಂದು ಬೇರೆಬೇರೆ ವಲಯಗಳಿಂದ ಸಾಕ್ಷಿಗಳನ್ನು ಆರಿಸಿದರೆ ಈ ದೋಷ ತಗ್ಗುತ್ತದೆ, ಅಳಿಯುವುದಿಲ್ಲ. ಆಗಲೂ ವ್ಯಕ್ತಿಯ ಮಾತಿಗೂ ಮಿತ್ರರ ಮಾತಿಗೂ ಭೇದ ಉಳಿದರೆ, ಒಂದನ್ನು ಸುಳ್ಳೆಂದು ತಳ್ಳದೆ, ವಿವಾದವಿರುವುದು ಒಳಗಿನ ಭಾವದಲ್ಲೋ ಹೊರಗಿನ ನಡತೆಯಲ್ಲೋ ಎಂದು ಮೊದಲು ಕೇಳಿಕೊಳ್ಳುವುದೇ ವಿವೇಕ.