ಶಾಸನವು ಕಾಯ್ದ ಅಡವಿ

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಅರಣ್ಯ ಇಲಾಖೆಯವರು 1924ನೆಯ ಇಸವಿಯಲ್ಲಿ ನ್ಯೂ ಮೆಕ್ಸಿಕೋ ಸೀಮೆಯ ಹೀಲಾ ಅರಣ್ಯದ ಒಂದು ಭಾಗವನ್ನು ನಿಸರ್ಗಸಹಜವಾದ ಕಾಡಾಗಿಯೇ ಉಳಿಯಗೊಟ್ಟರು. ಆದರೆ ಒಬ್ಬ ಅಧಿಕಾರಿಯು ಹೊರಡಿಸಿದ ಆಜ್ಞೆಯನ್ನು ಮತ್ತೊಬ್ಬನು ರದ್ದುಪಡಿಸಬಹುದಷ್ಟೆ. ಆದಕಾರಣ ಹಾವರ್ಡ್ ಝಾನೈಸರ್ ಎಂಬವರು 1956ರಲ್ಲಿ ಮಸೂದೆಯೊಂದನ್ನು ರಚಿಸಿ, ಎಂಟು ವರ್ಷ ಅದಕ್ಕಾಗಿ ದುಡಿದು, 1964ನೆಯ ಮೇ ತಿಂಗಳಲ್ಲಿ ಕಾಲವಾದರು. ಅದೇ ವರ್ಷ ಸೆಪ್ಟೆಂಬರ್ 3ರಂದು ಅಧ್ಯಕ್ಷ ಜಾನ್ಸನ್ನರು ಅದಕ್ಕೆ ಸಹಿ ಮಾಡಿದಾಗ ಝಾನೈಸರರ ಪತ್ನಿ ಆಲಿಸ್ ಸಮೀಪದಲ್ಲಿದ್ದರು. ಅಂದು ರಾಷ್ಟ್ರೀಯ ಅರಣ್ಯಗಳ 54 ಭಾಗಗಳಲ್ಲಿ ಸುಮಾರು 91 ಲಕ್ಷ ಎಕರೆಗೆ ರಕ್ಷಣೆ ದೊರೆಯಿತು. ಇತರ ಸರಕಾರೀ ಭೂಮಿಗಳೂ ಸೇರಿ ಇಂದು ಅದು 11 ಕೋಟಿ ಎಕರೆಗೆ ಮಿಕ್ಕಿದೆ. ಅಲ್ಲಿ ಶಾಶ್ವತ ರಸ್ತೆಯೂ ಮೋಟಾರು ವಾಹನವೂ ಸಾಮಾನ್ಯವಾಗಿ ನಿಷಿದ್ಧ. ಮನುಷ್ಯನು ಬಂದು ಹೋಗುವ ಅತಿಥಿ ಮಾತ್ರ. ಆ ರಕ್ಷಣೆಯನ್ನು ಹಿಂತೆಗೆಯಬೇಕಾದರೆ ಕಾಂಗ್ರೆಸ್ ಎಂಬ ಅಲ್ಲಿನ ಶಾಸನಸಭೆಯೇ ಹೊಸ ಶಾಸನ ಮಾಡಬೇಕು. ಅಧಿಕಾರಿಯೊಬ್ಬನ ಲೇಖನಿಯಿಂದ ಆಗದು.